ಹುಂಜದ ಬಗ್ಗೆ ಅಭಿಪ್ರಾಯವಿಲ್ಲದ ಅಭ್ಯರ್ಥಿ

ಪ್ರೀತಿಯ ಅಮ್ಮನಿಗೆ,

ಮಿನ್ನೆಸೋಟದ ಸಮಸ್ತ ಮತದಾರರ ಸಮ್ಮುಖದಲ್ಲಿ ಘೋಷಿಸುವುದೇನೆಂದರೆ, ಜಡ್ಜ್ ಚುನಾವಣೆಗೆ ನಿಂತಿರುವ ನಿನ್ನ ಮಗನಾದ ನನಗೆ ಇಂದಿನಿಂದ ಯಾವ ಹುಂಜದ ಬಗ್ಗೆಯೂ ಯಾವ ಅಭಿಪ್ರಾಯವೂ ಇರುವುದಿಲ್ಲ.

ಭಾನುವಾರ ಚರ್ಚಿನ ಊಟದಲ್ಲಿ ಪಕ್ಕದ ಮನೆಯ ಲೋರ್ನಾಗೆ ನೀನು ಅಂದದ್ದು ನನಗೀಗ ಬಾಯಿಪಾಠ: "ನನ್ನ ಮಗ ಜಡ್ಜ್ ಆಗ್ಲಿ ಇರು, ನಿನ್ನ ಹುಂಜ ಕೂಗೋದು ಅವತ್ತಿಗೇ ಕೊನೆ!" ಅದಕ್ಕವಳು, "ತೀರ್ಪು ಇವತ್ತೇ ಬಂತಲ್ಲ ಆರ್ಡಿಸ್, ಇನ್ನು ಎಲೆಕ್ಷನ್ ಯಾಕೆ?" ಅಂದಳಂತೆ. ಅಷ್ಟಕ್ಕೇ ಸುಮ್ಮನಾಗದೆ ಜಡ್ಜ್‌ಗಳ, ಅಭ್ಯರ್ಥಿಗಳ ನಡತೆ ವಿಚಾರಿಸುವ ನೀತಿ ಸಮಿತಿಗೂ ದೂರು ಬರೆದಿದ್ದಾಳೆ.

ಜಡ್ಜ್ ಆಗಲು ಚುನಾವಣೆಗೆ ನಿಂತವನು, ಮುಂದೆ ತನ್ನೆದುರು ಬರಬಹುದಾದ ಮೊಕದ್ದಮೆಯ ಬಗ್ಗೆ ಮಾತು ಕೊಡುವಂತಿಲ್ಲ. ಅವನ ಪರವಾಗಿ ಮನೆಯವರೂ ಕೊಡದಂತೆ ನೋಡಿಕೊಳ್ಳಬೇಕು. ಸಮಿತಿಯವರು ಈ ಸಲ ಎಚ್ಚರಿಕೆ ಕೊಟ್ಟು ಬಿಟ್ಟಿದ್ದಾರೆ. ಇನ್ನೊಮ್ಮೆ ಹೀಗಾದರೆ ಚುನಾವಣೆ ಹಾಗಿರಲಿ, ನನ್ನ ಹದಿನೆಂಟು ವರ್ಷದ ವಕೀಲಿಕೆಗೇ ಕುತ್ತು.

ಅಷ್ಟಕ್ಕೂ ನಾನು ಗೆದ್ದರೆ ನಿನ್ನ ವ್ಯಾಜ್ಯವನ್ನು ನಾನು ಕೇಳುವಂತೆಯೇ ಇಲ್ಲ. ನೀನು ನನ್ನ ತಾಯಿ. ಅದು ಪಕ್ಕದ ಕೌಂಟಿಯ ಜಡ್ಜ್ ಮುಂದೆ ಹೋಗುತ್ತದೆ. ಆತ ಎಪ್ಪತ್ತು ಕೋಳಿ ಸಾಕಿದ್ದಾನೆ.

ಬೆಳಗಿನ ಜಾವ ನಿನಗೆ ನಿದ್ದೆಯಿಲ್ಲದ್ದು ನನಗೆ ಗೊತ್ತು. ಇದರ ಮುಂದಿನ ವಾಕ್ಯವನ್ನು ಹೊಡೆದುಹಾಕಿದ್ದೇನೆ.

ಒಂದು ಸಣ್ಣ ಉಪಕಾರ ಮಾಡು. ಅಂಗಳದಲ್ಲಿ ನನ್ನ ಹೆಸರಿನ ಚುನಾವಣಾ ಪ್ರಚಾರದ ಫಲಕದ ಮೇಲೆ ನೀನು ಬಿಡಿಸಿರುವ ಹುಂಜಕ್ಕೆ ಬಿಳಿ ಬಣ್ಣ ಬಳಿದುಬಿಡು. ಕುತ್ತಿಗೆಯ ಮೇಲಿನ ಕೆಂಪು ಗೀಟಿಗೆ ಎರಡು ಸಲ ಬಳಿ. ಬಣ್ಣದ ಡಬ್ಬಿ ಗ್ಯಾರೇಜಿನಲ್ಲಿ, ಏಣಿಯ ಹಿಂದೆ ಇದೆ.

ನಿನ್ನ ಮಗ,
ಆರಿನ್