ಮದುವೆಯ ಖಾರ

ವಿದ್ಯಾಗಿರಿ, ಬಾಗಲಕೋಟೆ
ಏಪ್ರಿಲ್ ೨೧, ೨೦೨೫

ಪ್ರೀತಿಯ ಮೊಮ್ಮಗ ಶಿರೀಷ,

ಸೊಲ್ಲಾಪುರದ ಬಿಸಿಲಿಗೆ ನಿನ್ನ ಮೂಗಿನಿಂದ ಮತ್ತೆ ರಕ್ತ ಬರುತ್ತಿಲ್ಲ ತಾನೆ? ಬ್ಯಾಂಕಿಗೆ ಹೋಗುವಾಗ ಮಜ್ಜಿಗೆ ಒಯ್ಯುತ್ತೀಯೋ ಇಲ್ಲವೋ? ನನ್ನ ಮಂಡಿನೋವು ಇದ್ದ ಹಾಗೇ ಇದೆ. ಫೋನ್ ಮಾಡಿದರೆ "ಆಮೇಲ ಮಾಡ್ತೇನಿ ಅಜ್ಜಿ" ಎಂದು ಇಟ್ಟುಬಿಡುತ್ತೀ, ಅದಕ್ಕೇ ಬರೆಯುತ್ತಿದ್ದೇನೆ.

ವಾರದಿಂದ ನಿಮ್ಮಪ್ಪ ಒಂದು ಭಾಷಣ ಬಾಯಿಪಾಠ ಮಾಡುತ್ತಿದ್ದಾನೆ. ಕಾಲೇಜಿನ ಮೇಷ್ಟ್ರಲ್ಲವೆ, ಯಾವುದೋ ಸಭೆಯಲ್ಲಿ 'ಒಳ್ಳೆಯ ವಿದ್ಯಾನಗರ', ಅಂದರೆ ಓದುವವರ ಊರು, ಹೇಗಿರಬೇಕು ಎಂದು ಮಾತಾಡಬೇಕಂತೆ. ಎತ್ತರದ ಕಟ್ಟಡವಂತೆ, ಅಗಲ ರಸ್ತೆಯಂತೆ, ಏಸಿ ಹಾಕಿದ ಗ್ರಂಥಾಲಯವಂತೆ, ಕಾಫಿ ಅಂಗಡಿಯಂತೆ! ನಿನ್ನೆ ನನ್ನ ಮುಂದೆ ಪೂರ್ತಿ ಓದಿದ, ನೀರು ಕುಡಿದ, ಅದೇ ಬಾಯಿಂದ ಹೇಳಿದ: "ಸಂಪದಾನ ಕಡೀ ಪರೀಕ್ಷಾ ಮದುವಿ ದಿನಾನ ಬಂದದ. ಇರ್ಲಿ ಬಿಡು, ಮುಂದಿನ ವರ್ಷ ಬರದ್ರಾತು. ಶಿರೀಷಂದೂ ಒಪ್ಪಿಗಿ ಅದ." ಛೀ! ಕೇಳಿ ಹೇಸಿಗೆ ಬಂತು ನನಗೆ. ಮಗನ ಮೇಲೆ ಸ್ವಲ್ಪ, ನಿನ್ನ ಮೇಲೆ ಭಾಳ. ಬಾದಾಮಿಯಿಂದ ದಿನಾ ಬಸ್ಸಿನಲ್ಲಿ ನಿಂತು ಬಂದು ಓದಿದ ಹುಡುಗಿ ಅವಳು. ನಾಳೆ ಅವಳ ಕೈಹಿಡಿಯುವವನು ನೀನು, ಅವಳನ್ನು ಒಂದು ಮಾತು ಕೇಳಿದೆಯಾ? ಪಾಪ, ಅವಳೇ ನನಗೆ ಫೋನ್ ಮಾಡಿ, "ಅಜ್ಜಿ, ಅದೊಂದು ಪೇಪರ್ ಬರೀಲಿಕ್ಕೆ ಬಿಡ್ತಾರೇನ್ರಿ?" ಎಂದಳು. ಬಿಡುವುದಂತೆ! ಯಾರಪ್ಪನ ಮನೆಯ ಪರೀಕ್ಷೆ ಅದು?

ನೀನು ಓದುವಾಗಿನ ದಿನ ನೆನಪಿದೆಯೇನೋ? ಪಕ್ಕದ ಮನೆಯ ಅಬೇದಾಳ, ಒಣಮೆಣಸಿನಕಾಯಿ ಖಾರ ಕುಟ್ಟುವ ಮಷೀನು? ಬೇಸಿಗೆಯೇ ಅವಳ ದುಡಿಮೆಯ ಕಾಲ. ಸದ್ದು ಒಂದು ಕಡೆ, ಘಾಟು ಒಂದು ಕಡೆ. ನೀನು ಸೀನಿ ಸೀನಿ ಪುಸ್ತಕ ಮುಚ್ಚುತ್ತಿದ್ದೆ. ಯಾರೂ ಹೇಳದೆ ಅವಳು ನಿನ್ನ ಪರೀಕ್ಷೆ ಮುಗಿಯುವ ತನಕ ಮಷೀನು ನಿಲ್ಲಿಸಿದಳು. "ಹುಡುಗ ಓದ್ಲಿ ಬಿಡ್ರಿ ಬಾಯಾರ, ಖಾರ ಎಲ್ಲಿ ಓಡಿಹೋಗ್ತೈತಿ" ಎಂದಳು. ಇಡೀ ಓಣಿ ಹಳೆಯ ಖಾರದ ಡಬ್ಬಿ ಕೆರೆದು ಸಪ್ಪನೆ ಸಾರು ಉಂಡಿತು, ಒಬ್ಬರೂ ಗೊಣಗಲಿಲ್ಲ. ಓದುವವರ ಊರು ಎಂದರೆ ಅದು ಕಣೋ. ಹಾಗೆ ಓದಿ ಪಾಸಾದ ನೀನು ಈಗ ಇನ್ನೊಬ್ಬಳ ಪರೀಕ್ಷೆಗೆ "ಇರ್ಲಿ ಬಿಡು" ಅನ್ನುತ್ತೀಯಾ? ನಾಚಿಕೆಯಾಗಬೇಕು ನಿನಗೆ. ನಿಮ್ಮಪ್ಪನ ಭಾಷಣದಲ್ಲಂತೂ ಅಬೇದಾಳೂ ಇಲ್ಲ, ಸಂಪದಾಳೂ ಇಲ್ಲ.

ಬೈದೆನೆಂದು ಊಟ ಬಿಡಬೇಡ. ದೇವರು ನಿನಗೆ ಆಯುಷ್ಯ ಕೊಡಲಿ, ಅದಕ್ಕಿಂತ ಮೊದಲು ಬುದ್ಧಿ ಕೊಡಲಿ.

ನಿನ್ನ ಅಜ್ಜಿ
ಲೀಲಾಬಾಯಿ

ತಾ.ಕ.: ಮದುವೆಯ ಅಡುಗೆಗೆ ತಂದ ಬ್ಯಾಡಗಿ ಮೆಣಸಿನಕಾಯಿ ಚೀಲ ನನ್ನ ಮಂಚದ ಕೆಳಗಿದೆ. "ಯಾವಾಗ ಕುಟ್ಟೋಣ್ರಿ?" ಎಂದು ಅಬೇದಾ ಇವತ್ತು ಕೇಳಿದಳು. ಸಂಪದಾಳ ಕಡೆಯ ಪರೀಕ್ಷೆ ಮುಗಿದ ಮರುದಿನ ಎಂದು ಹೇಳಿ ಕಳಿಸಿದ್ದೇನೆ. ಮುಹೂರ್ತ ಮುಂದೆ ಹಾಕಿಸುವುದು ನಿನ್ನ ಕೆಲಸ. ಮೊದಲು ಆ ಹುಡುಗಿಗೆ ಫೋನ್ ಮಾಡಿ ಓದಿಕೋ ಎನ್ನು.