ಒಂದೂವರೆ ಮಿಲಿಮೀಟರ್ ಗಡಿ

ಜೂನ್ 3, ಮಂಗಳವಾರ

ಗಡಿ ನಕ್ಷೆಗೆ ಇಂಕ್ ಹಾಕಿ ಮುಗಿಸಿದೆ. ಬೆನ್ನು ಬಿದ್ದುಹೋಯ್ತು. ಸಾಹೇಬ್ರಿಗೆ ಸಣ್ಣ ನಿಬ್ಬಿನ ಗೆರೆ ಸಾಲಲಿಲ್ಲ — "ಹೊಸ ದೇಶ ಕಣಯ್ಯ, ಫೋಟೋದಲ್ಲಿ ಎದ್ದು ಕಾಣಬೇಕು." ಸರಿ, ದಪ್ಪ ನಿಬ್ಬು. ಒಣಗಿದ ಮೇಲೆ ಕೆಳಗಿನ ಪೆನ್ಸಿಲ್ ಗೆರೆ ಉಜ್ಜಿ ತೆಗೆದೆ, ಇಪ್ಪತ್ತಾರು ವರ್ಷದ ಅಭ್ಯಾಸ. ಸಂಜೆ ಎರಡೂ ಕಡೆಯ ದೊಡ್ಡವರು ಸಹಿ ಹಾಕಿದ್ರು. ದೇಶ ಹುಟ್ಟಿದ್ದಕ್ಕೆ ನಂಗೂ ಒಂದು ಲೋಟ ಜ್ಯೂಸ್ ಸಿಕ್ತು.

ಜೂನ್ 19, ಗುರುವಾರ

ಗಡಿಗೆ ಬೇಲಿ ಎದ್ದಿದೆ. ಆ ಕಡೆಯವರು ಗೆರೆಯ ಆಚೆ ಅಂಚಿಗೆ ಹಾಕಿದ್ದಾರೆ, ನಮ್ಮವರು ಈಚೆ ಅಂಚಿಗೆ. ಮಧ್ಯದ ಇಂಕು ಯಾರದ್ದೂ ಅಲ್ಲ. ನಕ್ಷೆಯಲ್ಲಿ ಒಂದೂವರೆ ಮಿಲಿಮೀಟರ್. ನೆಲದ ಮೇಲೆ ನೂರೈವತ್ತು ಮೀಟರ್... ಒಂದು ಓಣಿ, ಮೂವತ್ತೇಳು ಮನೆ. ಅದರಲ್ಲೊಂದು ಅಕ್ಕನದು. ಅಮ್ಮ ಹೋದ ಮೇಲೆ ನನ್ನನ್ನ ಸಾಕಿದೋಳು.

ಅಸಲಿ ಗಡಿ, ಆ ಪೆನ್ಸಿಲ್ ಗೆರೆ, ಓಣಿಯಿಂದ ಆಚೆ ಇತ್ತು; ಓಣಿ ಪೂರ್ತಿ ನಮ್ಮ ಕಡೆ. ನಂಗೊಬ್ಬನಿಗೇ ಗೊತ್ತು.

ಸಾಹೇಬ್ರ ಹತ್ರ ಗೋಗರೆದೆ. ಬಾಗಿಲು ಹಾಕ್ಕೊಂಡು ಅಂದ್ರು, "ತಪ್ಪಾಗಿದೆ ಅಂತ ಬರೆದುಕೊಟ್ಟು ನೋಡು. ನಾಳೆ ಇಡೀ ಗಡೀನೇ ತಪ್ಪು ಅಂತಾರೆ. ನಾಡಿದ್ದು ಈ ದೇಶಾನೇ ಇಲ್ಲ ಅಂತಾರೆ. ಬಾಯಿ ಮುಚ್ಕೊಂಡಿರು."

ಮುಚ್ಕೊಂಡೆ. ಥೂ, ನನ್ನ ಜನ್ಮಕ್ಕಿಷ್ಟು.

ಜುಲೈ 2, ಬುಧವಾರ

ಆರ್ಡರ್ ಬಂತು. ಓಣಿ ಖಾಲಿ ಮಾಡಬೇಕು. ಈ ಕಡೆ ರಕ್ತಸಂಬಂಧಿ ಇದ್ದವರನ್ನ ನಾವು ತಗೋತೀವಂತೆ, ಮಿಕ್ಕವರು ಆ ಕಡೆಗೆ. ಅಕ್ಕನಿಗೆ ಇರೋನು ನಾನೊಬ್ಬನೇ. ಸದ್ಯ! ಕಿಟಕಿ ಇರೋ ರೂಮು ಗುಡಿಸಿ, ಅವಳು ತುಂಬಿಕೊಡಬೇಕಾದ ಫಾರಂ ಹಿಡ್ಕೊಂಡು ಓಡಿದೆ.

ಬೇಲಿ ಹತ್ರ ಬಂದಳು. ಬಡಕಲಾಗಿದ್ದಾಳೆ. "ಪಕ್ಕದ ಮನೆ ಟೈಲರ್ ಮಗು ಮೊನ್ನೆ ಹೋಯ್ತು ಕಣೋ," ಅಂದಳು. "ಬರೀ ಜ್ವರ. ಆಸ್ಪತ್ರೆಗೆ ಹೊರಟ್ರೆ ಎರಡು ಗೇಟಲ್ಲೂ ಯಾವ ದೇಶದೋರು ಅಂತ ಕೇಳಿ ತಡೆದ್ರು. ಏನು ಹೇಳಬೇಕೋ? ಇವರು ದೇಶ ಮಾಡೋವಾಗ ನಮ್ಮನ್ನ ಒಂದು ಮಾತು ಕೇಳಿದ್ರಾ? ಆ ಗೆರೆ ಎಳೆದೋನ ಕೈ ಸೇದಿಹೋಗ."

ಸುಮ್ಮನೆ ಕರ್ಕೊಂಡು ಬಂದುಬಿಡಬಹುದಿತ್ತು. ನಾಲಿಗೆ ಕೇಳಲಿಲ್ಲ.

"ಎಳೆದೋನು ನಾನೇ ಅಕ್ಕ." ಎಲ್ಲಾ ಹೇಳಿದೆ. ನಿಬ್ಬು, ಪೆನ್ಸಿಲ್, ಸಾಹೇಬ್ರು.

ಅಕ್ಕ ಬೇಲಿಯಿಂದ ಕೈ ತೆಗೆದಳು. "ತಪ್ಪು ಎಲ್ಲರೂ ಮಾಡ್ತಾರೆ. ಗೊತ್ತಾಗಿ ಎಷ್ಟು ದಿನ ಆಯ್ತು?"

"ಹದಿಮೂರು ದಿನ."

ಫಾರಂ ಇಸ್ಕೊಂಡಳು. ಒಳಗೆ ಹೋದಳು.

ಜುಲೈ 5, ಶನಿವಾರ, ಮಧ್ಯಾಹ್ನ

ಗೇಟ್ ಗುಮಾಸ್ತ ಫಾರಂ ತೋರಿಸಿದ. 'ಈ ದೇಶದಲ್ಲಿರುವ ರಕ್ತಸಂಬಂಧಿಗಳು' — ಅದರ ಮುಂದೆ 'ಯಾರೂ ಇಲ್ಲ.' ಅಕ್ಕನದೇ ಅಕ್ಷರ, ಗುಂಡಗೆ, ಎಲ್ಲೂ ಅಲುಗಿಲ್ಲ.

"ನೀವು ತಮ್ಮ ಅಂದ್ರಲ್ಲ ಸಾರ್?"

"ಹೌದಪ್ಪ, ಸ್ವಂತ ತಮ್ಮ."

"ನೀವಂದ್ರೆ ಆಗಲ್ಲ ಸಾರ್. ಅವರು ಒಪ್ಪಬೇಕು."

ಇಷ್ಟು ದಿನದಲ್ಲಿ ಸರ್ಕಾರ ಅವಳ ಒಪ್ಪಿಗೆ ಕೇಳಿದ್ದು ಇದೊಂದಕ್ಕೇ.

ಹನ್ನೊಂದೂವರೆಗೆ ಆ ಕಡೆಯ ಲಾರಿ ಬಂತು. ಟೈಲರ್ ಹೆಂಡತಿಯನ್ನ ತೋಳಲ್ಲಿ ಹಿಡ್ಕೊಂಡು ಹತ್ತಿಸಿದಳು, ತಾನೂ ಹತ್ತಿದಳು. ಬೇಲಿ ಉದ್ದಕ್ಕೂ ಓಡಿದೆ. ಅಕ್ಕಾ ಅಕ್ಕಾ ಅಂತ ಕೂಗಿದೆ, ನಾಚಿಕೆ ಬಿಟ್ಟು. ಲಾರಿಯಲ್ಲಿದ್ದೋರೆಲ್ಲ ತಿರುಗಿ ನೋಡಿದ್ರು. ಟೈಲರ್ ಹೆಂಡತಿ ಕೂಡ. ನಿಮ್ಮ ತಮ್ಮ ಅಲ್ವಾ ಅಂತ ಕೇಳಿದಳು ಅನ್ಸುತ್ತೆ, ಅಕ್ಕ ಅಲ್ಲ ಅಂತ ತಲೆ —