ಒಂದು ಕಾಲಿನ ಪ್ಯಾಂಟು

ಅಪ್ಪಾ,

ನೀನು ಸತ್ತ ಮೇಲೂ ಆ ಕಂಪನಿಯ ಪರಿಸರ ವರದಿ ನಿನ್ನ ಹೆಸರಿಗೇ ಬರುತ್ತಿದೆ. ಅದನ್ನೇ ನಂಬಿ ಟೈಲರ್ ಅಂಗಡಿ ಮಾರಿದ ದುಡ್ಡನ್ನೆಲ್ಲ ಅವರ ಷೇರಿಗೆ ಸುರಿದೆಯಲ್ಲ, ಇವತ್ತು ಅವರ ಷೇರುದಾರರ ಸಭೆಗೆ ಹೋಗಿದ್ದೆ. ಹೊಗೆ ಅರ್ಧಕ್ಕರ್ಧ ಇಳಿದಿದೆ ಎಂದು ಅಧ್ಯಕ್ಷ ಕೊಚ್ಚಿಕೊಂಡ. ಇಳಿಯದೆ ಏನು? ಹೋದ ವರ್ಷ ಎಲ್ಲ ಕಾರ್ಖಾನೆಗಳ ಹೊಗೆ ಅಳೆದಿದ್ದರು. ಈ ವರ್ಷ ದೊಡ್ಡ ಕಾರ್ಖಾನೆಯನ್ನು ಗುತ್ತಿಗೆಗೆ ಕೊಟ್ಟಿದ್ದೇವೆಂದು ಲೆಕ್ಕದಿಂದಲೇ ಬಿಟ್ಟಿದ್ದಾರೆ. ಗುಟ್ಟು ಹೊರಬಿದ್ದು ಷೇರು ಪಾತಾಳ ಸೇರಿದೆ.

ಮೈಯೆಲ್ಲ ಉರಿದು ಎದ್ದು ನಿಂತೆ. "ಒಂದು ಕಾಲು ಬಿಟ್ಟು ಪ್ಯಾಂಟ್ ಹೊಲಿದ್ರೆ ಬಟ್ಟೆ ಉಳಿಯುತ್ತೆ ಸಾರ್. ಹಾಕ್ಕೊಳ್ಳೋರ ಗತಿ ಏನು?"

ಸಭೆಯೆಲ್ಲ ನಕ್ಕಿತು. ಆ ನಾಚಿಕೆಗೆಟ್ಟವನೂ ನಕ್ಕ. "ಲೆಕ್ಕ ಹಾಕೋ ವಿಧಾನ ಬದಲಾಗಿದೆ ಅಷ್ಟೇ ಕಣಮ್ಮ. ಕೂತ್ಕೋ."

ಕೈಗೆ ಸಿಕ್ಕ ಕಾಗದವನ್ನೆಲ್ಲ ಕಾಲರ್ ಅಚ್ಚಿಗೆ ಕತ್ತರಿಸುತ್ತಿದ್ದ ನೀನು ಈ ವರದಿಗಳಿಗೆ ಮಾತ್ರ ಕತ್ತರಿ ತಾಗಿಸಲಿಲ್ಲ. ದೇವರ ಪುಸ್ತಕದಂತೆ ಎತ್ತಿಟ್ಟೆ. ಮನೆಗೆ ಬಂದವಳೇ ನಿನ್ನ ಕತ್ತರಿ ಹಿಡಿದು ಕೂತೆ. ಈ ಸುಳ್ಳಿನ ಕಾಗದದಲ್ಲಿ ನಿನ್ನದೇ ಕುತ್ತಿಗೆಯ ಅಳತೆಗೆ ಒಂದು ಕಾಲರ್ ಅಚ್ಚು ತೆಗೆಯೋಣವೆಂದು ಹೊರಟರೆ ಕೈ ನಿಂತುಹೋಯಿತು.

ಊರವರ ಕುತ್ತಿಗೆಯನ್ನೆಲ್ಲ ಅಳೆದೆ ನೀನು. ನಿನ್ನ ಅಳತೆಯನ್ನು ನಮ್ಮಲ್ಲಿ ಯಾರೂ ತೆಗೆದಿರಲಿಲ್ಲ.